ಈರುಳ್ಳಿ ಪೊರೆಯಲ್ಲಿ ಹಸಿರು ಎಲ್ಲಿ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಈರುಳ್ಳಿ ಪೊರೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆದಳು. ಕ್ಲೋರೋಪ್ಲಾಸ್ಟ್ ತೋರಿಸಿಲ್ಲ ಅಂತ ಶಾಲೆಯಲ್ಲಿ ಅರ್ಧ ಅಂಕ ಕಳೆದಿದ್ದಾರೆ. 'ಕಾಣಲೇ ಇಲ್ಲ, ಹೇಗೆ ಬರೀಲಿ?' ಅಂತಾಳೆ. ಯಾರು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗಳೇ ಸರಿ. ಆ ಅರ್ಧ ಅಂಕ ವಾಪಸ್ ಕೇಳಿ! ಕ್ಲೋರೋಪ್ಲಾಸ್ಟ್ ಬಿಸಿಲು ಹಿಡಿದು ಸಕ್ಕರೆ ಮಾಡುವ ಭಾಗ. ಗಡ್ಡೆಯ ಒಳಪದರಕ್ಕೆ ಬಿಸಿಲೇ ತಾಗುವುದಿಲ್ಲ, ಅದರ ಕೆಲಸ ಕೂಡಿಡುವುದು ಮಾತ್ರ. ಅದೇ ಗಿಡದ ಸೊಪ್ಪನ್ನು ನೋಡಿದರೆ ಬೇಕಾದಷ್ಟು ಹಸಿರು ಚುಕ್ಕೆ ಸಿಗುತ್ತವೆ. ಪುಸ್ತಕದ ಚಿತ್ರದಲ್ಲಿ ಎಲ್ಲ ಭಾಗಗಳನ್ನೂ ಒಂದೇ ಕೋಶದಲ್ಲಿ ತುಂಬಿಸಿರುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ಅವಳಿಗೆ ಕಂಡಿದ್ದೇನು? ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಶಗಳು, ಅಲ್ವಾ? ಆ ಗೆರೆಗಳು ಕೋಶಭಿತ್ತಿ, ಅಂದರೆ ಕೋಶದ ಗೋಡೆ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ಚೂರಿನಲ್ಲಿ ಕಂಡಿದ್ದೂ ಇಷ್ಟೇ, ಸತ್ತ ಕೋಶಗಳ ಖಾಲಿ ಗೋಡೆ. ಅಯೋಡಿನ್ ಹಾಕಿದ್ದರೆ ಪ್ರತಿ ಕೋಶದ ಬದಿಗೆ ಒಂದು ಕಂದು ಚುಕ್ಕೆಯೂ ಕಂಡಿರುತ್ತದೆ. ಅದು ಕೋಶಕೇಂದ್ರ. ಹೆಸರಲ್ಲೇ ಕೇಂದ್ರ ಇದ್ದರೂ ಮೂಲೆಗೆ ಯಾಕೆ ಹೋಯಿತು ಅಂದರೆ, ನಡುವಿನ ಜಾಗವನ್ನೆಲ್ಲ ನೀರು ತುಂಬಿದ ಒಂದು ದೊಡ್ಡ ಚೀಲ ಆಕ್ರಮಿಸಿಕೊಂಡಿರುತ್ತದೆ, ಅದೇ ರಸದಾನಿ. ಕೆಂಪು ಈರುಳ್ಳಿಯ ಬಣ್ಣ ಇರುವುದೂ ಈ ಚೀಲದಲ್ಲೇ. ಕಣ್ಣೀರಿನ ಮೂಲವೂ ಇದೇ! ಚೀಲದೊಳಗೆ ಒಂದು ಕಿಣ್ವ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು), ಚೀಲದ ಹೊರಗೆ ಕೋಶದೊಳಗಿನ ಲೋಳೆಯಾದ ಕೋಶದ್ರವ್ಯದಲ್ಲಿ ಗಂಧಕದ ಅಂಶ. ಚಾಕು ಬಿದ್ದ ತಕ್ಷಣ ಎರಡೂ ಬೆರೆತು ಕಣ್ಣು ಉರಿಸುವ ಅನಿಲ ಹುಟ್ಟುತ್ತದೆ. ಮೊಂಡು ಚಾಕು ಕೋಶಗಳನ್ನು ಜಾಸ್ತಿ ಜಜ್ಜುತ್ತದೆ, ಅದಕ್ಕೇ ಜಾಸ್ತಿ ಅಳು.

ಪ್ರಶ್ನೆ: ಗಿಡಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೊಕಾಂಡ್ರಿಯ. ಹೀಗೆ ನೆನಪಿಟ್ಟುಕೊಳ್ಳಬಹುದಾ?
– ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಬೇಡಪ್ಪ! ಗಿಡಕ್ಕೆ ಎರಡೂ ಬೇಕು. ಸಕ್ಕರೆ ಮಾಡಿಟ್ಟರೆ ಸಾಲದು, ಅದನ್ನು ಒಡೆದು ಶಕ್ತಿ ತೆಗೆಯುವುದು ಮೈಟೊಕಾಂಡ್ರಿಯವೇ. ರಾತ್ರಿ ಹೊತ್ತಲ್ಲೂ ಬೇರಿನಲ್ಲೂ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ಇನ್ನು ಪ್ರಾಣಿಗಳಲ್ಲೂ ಎಲ್ಲ ಕೋಶಕ್ಕೂ ಎಲ್ಲ ಭಾಗ ಇರುವುದಿಲ್ಲ. ನಮ್ಮ ಬಲಿತ ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯವೂ ಇಲ್ಲ, ಕೋಶಕೇಂದ್ರವೂ ಇಲ್ಲ. ಹಾಗೇ ಸುಮಾರು 120 ದಿನ ಬದುಕುತ್ತದೆ.

ಪ್ರಶ್ನೆ: ಕೋಸಂಬರಿ ಎಷ್ಟು ಚೆನ್ನಾಗಿ ಮಾಡಿದರೂ ಬಡಿಸುವಷ್ಟರಲ್ಲಿ ನೀರು ನೀರು. ಏನು ಮಾಡಲಿ?
– ಗೃಹಿಣಿ, ಮೈಸೂರು

ಉತ್ತರ: ಇದು ಅಡುಗೆ ಅಂಕಣಕ್ಕೆ ಹೋಗಬೇಕಿತ್ತೇನೋ, ಆದರೂ ಉತ್ತರ ಜೀವಕೋಶದಲ್ಲೇ ಇದೆ. ಗೋಡೆಯ ಒಳಗೆ ಕೋಶವನ್ನು ಸುತ್ತಿರುವ ತೆಳು ಪದರ ಕೋಶಪೊರೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿಯಾದರೆ ಸೌತೆಕಾಯಿಯ ರಸದಾನಿಗಳಿಂದ ನೀರು ಆಚೆ ಬಂದು, ಪೊರೆ ಗೋಡೆ ಬಿಟ್ಟು ಒಳಕ್ಕೆ ಕುಗ್ಗುತ್ತದೆ. ಹೆಸರುಬೇಳೆ, ತೆಂಗಿನತುರಿ, ಒಗ್ಗರಣೆ ಎಲ್ಲ ಮೊದಲೇ ಸೇರಿಸಿಡಿ, ಉಪ್ಪು ಮಾತ್ರ ಎಲೆ ಹಾಕಿದ ಮೇಲೆ. ಬಾಡಿದ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರಲ್ಲಿ ನಿಲ್ಲಿಸಿದಾಗ ಇದರ ಉಲ್ಟಾ. ರಸದಾನಿ ತುಂಬಿ ಗೋಡೆಗೆ ಒತ್ತುತ್ತದೆ, ಸೊಪ್ಪು ನೆಟ್ಟಗಾಗುತ್ತದೆ. ಗೋಡೆ ಇಲ್ಲದ ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಮಾತ್ರ ಉಬ್ಬಿ ಉಬ್ಬಿ ಒಡೆದೇ ಹೋಗುತ್ತದೆ.