ವಿಮಾನ ಕಂಪನಿಗಳು ವಿಲೀನವಾದರೆ ಪೈಲಟ್ ಕೆಲಸದ ಗತಿಯೇನು?

ಪ್ರಶ್ನೆ: ನಮ್ಮದು ರೇಷ್ಮೆ ಬೆಳೆಯುವ ಕುಟುಂಬ. ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿರುವ ಮಗ ಪೈಲಟ್ ಆಗಬೇಕೆಂದು ಹಟ ಹಿಡಿದಿದ್ದಾನೆ. ಅದಕ್ಕೆ ಜಮೀನು ಅಡವಿಟ್ಟು ಸಾಲ ಮಾಡಬೇಕು. ಕಂಪನಿಗಳು ಮುಚ್ಚುವುದನ್ನೂ ವಿಲೀನವಾಗುವುದನ್ನೂ ನೋಡಿದರೆ ಧೈರ್ಯ ಬರುತ್ತಿಲ್ಲ. ಸಣ್ಣ ಊರುಗಳಿಗೆ ಹಾರುವ ಕಂಪನಿಗಳಲ್ಲಿ ಕೆಲಸ ಎಷ್ಟು ಭದ್ರ?
– ಒಬ್ಬ ತಂದೆ, ಶಿಡ್ಲಘಟ್ಟ

ಉತ್ತರ: ನಿಮ್ಮ ಅಂಜಿಕೆಗೆ ಆಧಾರವಿದೆ. 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿ, ಎಟಿಆರ್ ಎಂಬ ಸಣ್ಣ ವಿಮಾನಗಳಲ್ಲಿ ಸಣ್ಣ ಊರುಗಳನ್ನು ತಲುಪಿದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನೊಂದಿಗೆ ವಿಲೀನವಾಯಿತು. ಆ ಕಿಂಗ್‌ಫಿಷರ್ 2012ರಲ್ಲಿ ನಿಂತೇಹೋಯಿತು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಿ, ಟಿಕೆಟ್ ಹಣವನ್ನು ರೂಪಾಯಿಯಲ್ಲಿ ಪಡೆಯುವ ವ್ಯಾಪಾರವಿದು; ರೂಪಾಯಿ ಕುಸಿದರೆ ಖರ್ಚು ಏರುತ್ತದೆ. ಕೆಲವೇ ಮಾರ್ಗಗಳನ್ನು ನಂಬಿದ ಸಣ್ಣ ಕಂಪನಿಗೆ ಆರ್ಥಿಕ ಹಿಂಜರಿತದ ಪೆಟ್ಟು ಬೇಗ ತಗಲುತ್ತದೆ. ಸಣ್ಣ ಊರುಗಳ ಹಾರಾಟಕ್ಕೆ ಕೇಂದ್ರ ಸರ್ಕಾರ ಕೊಡುವ ಉಡಾನ್ ಯೋಜನೆಯ ನೆರವೂ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ.

ಆದರೆ ಕಂಪನಿ ಮುಚ್ಚಿದಾಗ ಎಲ್ಲರಿಗೂ ಒಂದೇ ಬಗೆಯ ನಷ್ಟವಾಗುವುದಿಲ್ಲ. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗೆ ಬೇರೆ ಕಡೆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು; ಪರವಾನಗಿಗೆ ಬೇಕಾದ ಇನ್ನೂರು ಗಂಟೆಯ ಆಸುಪಾಸಿನಲ್ಲಿರುವ ಹುಡುಗ ಸಾಲದ ಕಂತಿನೊಂದಿಗೆ ಕಾಯಬೇಕಾಗುತ್ತದೆ. ವಿಲೀನದ ತೊಡಕು ಇನ್ನೊಂದು ಬಗೆಯದು. ಯಾರು ಮೊದಲು ಕ್ಯಾಪ್ಟನ್ ಆಗಬೇಕು, ಯಾರಿಗೆ ದೊಡ್ಡ ವಿಮಾನ ಸಿಗಬೇಕು ಎಂಬುದು ಬಹುಮಟ್ಟಿಗೆ ಸೀನಿಯಾರಿಟಿಯಿಂದ ನಿರ್ಧಾರವಾಗುವುದರಿಂದ, ಎರಡು ಕಂಪನಿಗಳ ಪಟ್ಟಿಗಳನ್ನು ಒಂದು ಮಾಡುವಾಗ ಪೈಲಟ್‌ಗಳ ನಡುವೆಯೇ ಜಗಳ ಹುಟ್ಟುತ್ತದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾವ ಗುಂಪಿಗೆ ಎಂಬ ವಿವಾದ 2012ರಲ್ಲಿ ದೀರ್ಘ ಮುಷ್ಕರಕ್ಕೆ ಕಾರಣವಾಯಿತು. ಅಮೆರಿಕದಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಸೇರಿದ ಮೇಲೆ ಎರಡೂ ಕಡೆಯ ಪೈಲಟ್‌ಗಳು ಇಂಥದೇ ಪಟ್ಟಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಅಲ್ಲಿನ ಪ್ರಾದೇಶಿಕ ಕಂಪನಿಗಳು ಬಹುತೇಕ ದೊಡ್ಡ ಕಂಪನಿಯ ಗುತ್ತಿಗೆಯನ್ನೇ ನಂಬಿವೆ: ಯುನೈಟೆಡ್ ಎಂಬ ದೊಡ್ಡ ಕಂಪನಿಯ ಗುತ್ತಿಗೆ ಕೈತಪ್ಪಿದ ಎಕ್ಸ್‌ಪ್ರೆಸ್‌ಜೆಟ್ 2020ರಲ್ಲಿ ಆ ಹಾರಾಟವನ್ನು ನಿಲ್ಲಿಸಬೇಕಾಯಿತು.

ಹಾಗೆಂದು ಮಗನನ್ನು ತಡೆಯಿರಿ ಎಂದು ನಾನು ಹೇಳಲಾರೆ. ಗೂಡಿನ ದರ ದಿಢೀರನೆ ಬೀಳುವುದನ್ನು ಕಂಡ ನಿಮಗೆ ಏರಿಳಿತ ಹೊಸದೂ ಅಲ್ಲ. ದರ ಬಿದ್ದರೂ ಜಮೀನು ಉಳಿಯುತ್ತದೆ ಎಂಬ ಧೈರ್ಯ ಅಲ್ಲಿರುತ್ತದೆ, ಅಡವಿಟ್ಟರೆ ಅದೂ ಇರುವುದಿಲ್ಲ. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮೊದಲೇ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ ಒಂದನೇ ದರ್ಜೆಯ ವೈದ್ಯಕೀಯ ಅರ್ಹತೆಯನ್ನು ಖಚಿತಪಡಿಸಿಕೊಳ್ಳಿ. ಟೈಪ್ ರೇಟಿಂಗ್, ಅಂದರೆ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಒಂದೊಂದು ಮಾದರಿಗೂ ಬೇರೆಯಾಗಿರುವುದರಿಂದ, ನೌಕರಿಯ ಪತ್ರ ಕೈಗೆ ಬರುವ ಮುನ್ನ ಅದಕ್ಕೆ ಹಣ ಸುರಿಯಬೇಡಿ. ಪರವಾನಗಿ ಬಂದ ನಂತರ ಎರಡು ವರ್ಷ ಕೆಲಸ ಸಿಗದಿದ್ದರೂ ಕಂತು ಕಟ್ಟಲು ಸಾಧ್ಯವಿರುವಷ್ಟೇ ಸಾಲ ಮಾಡಿ. ಅದಕ್ಕಿಂತ ಹೆಚ್ಚು ಬೇಕಾದರೆ ಮಗ ಪದವಿ ಮುಗಿಸಿ, ಬೇರೊಂದು ಕೆಲಸಕ್ಕೂ ಅರ್ಹನಾದ ಮೇಲೆ ತರಬೇತಿಗೆ ಸೇರಲಿ.