ಅವ್ವನ ಹೆಸರಿಗೆ ಬರುತ್ತಿದ್ದ ಕಾಗದ

ನಿನ್ನ ಹುಡುಗ ಗಡಿಯಲ್ಲಿದ್ದಾನೆ, ಯುದ್ಧದ ಸುದ್ದಿ ಬಂದರೆ ನಿದ್ದೆ ಬರಲ್ಲ, ಸೈನಿಕನಿಗೆ ಕಾದು ಮದುವೆಯಾದರೆ ಅದು ಬಾಳುತ್ತಾ ಅಂತ ಕೇಳಿದ್ದೀಯ. ನನ್ನ ಮೊಮ್ಮಗಳ ವಯಸ್ಸಿರಬೇಕು ನಿನಗೆ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನನಗೀಗ 72. ಮದುವೆ ಆಗಿದ್ದು 1973ರಲ್ಲಿ. ನಮ್ಮ ಯಜಮಾನರು ಜಗಲಿ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ. ಬಾಳಿದೆ ಅಂತ ಹೇಳಬಹುದು ಅಲ್ವಾ?

ನಮ್ಮೂರು ಮದ್ದೂರಿನ ಹತ್ತಿರ. ಇವರದು ಎದುರು ಮನೆ. 1968ರಲ್ಲಿ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದರು, ಅದು ಸೈನ್ಯದ ಇಂಜಿನಿಯರ್ ದಳ. ಇವರ ತಾಯಿಗೆ, ನಾನೂ ಅವರನ್ನು ಅವ್ವ ಅಂತಲೇ ಕರೆಯೋದು, ಓದು ಬರಹ ಬರುತ್ತಿರಲಿಲ್ಲ, ನಾನು ಹೈಸ್ಕೂಲಿನ ಹುಡುಗಿ. ಮಗನ ಇನ್‌ಲ್ಯಾಂಡ್ ಲೆಟರ್ ಬಂದರೆ ಓದಿ ಹೇಳೋದು, ಉತ್ತರ ಬರೆದುಕೊಡೋದು ನನ್ನ ಕೆಲಸ. ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ, ನಂಬರು, ಹೆಸರು, ಕೊನೆಗೆ ‘56 ಎ.ಪಿ.ಒ.’, ಅಂದರೆ ಸೈನ್ಯದ ಅಂಚೆ ಕಚೇರಿ, ಅಷ್ಟೇ. ಆ ಊರು ಕಾಶಿಗಿಂತ ದೂರಾನಾ ಅಂತ ಅವ್ವ ಪ್ರತಿ ಸಲ ಕೇಳೋರು.

ಕಾಗದದಲ್ಲಿ ಹಸು, ಗದ್ದೆ, ಮನಿಯಾರ್ಡರ್ ಬಂತಾ, ಇಷ್ಟೇ. ಎರಡನೇ ವರ್ಷ ಒಂದು ಸಾಲು ಜಾಸ್ತಿಯಾಯಿತು: ‘ಕಾಗದ ಓದುವವರನ್ನೂ ಕೇಳಿದೆನೆಂದು ಹೇಳುವುದು.’ ಓದುವವಳೂ ನಾನೇ, ಹೇಳಿಸಿಕೊಳ್ಳಬೇಕಾದವಳೂ ನಾನೇ! ಆ ಸಾಲು ನುಂಗಿಬಿಟ್ಟೆ. ಉತ್ತರದಲ್ಲಿ ಅವ್ವ ಹೇಳಿದ್ದೆಲ್ಲ ಬರೆದು, ಗೋಂದು ಹಚ್ಚುವ ಅಂಚಿನ ಹತ್ತಿರ ಸಣ್ಣಗೆ ‘ಓದುವವರು ಕ್ಷೇಮ’ ಅಂತ ಸೇರಿಸಿದೆ. ನಮ್ಮ ಲವ್ ಅಂದರೆ ಅಷ್ಟೇ ಕಣಮ್ಮ.

1971ರ ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. ರೇಡಿಯೋ ಇದ್ದಿದ್ದು ಪಟೇಲರ ಮನೆಯಲ್ಲಿ, ಊರೇ ಅಲ್ಲಿ. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದವರು ಶರಣಾದರು ಅಂತ ಎಲ್ಲರಿಗೂ ಖುಷಿ. ಆದರೆ ಇವರಿದ್ದಿದ್ದು ಆ ಕಡೆ ಅಲ್ಲ, ಪಶ್ಚಿಮದಲ್ಲಿ, ಬಸಂತರ್ ನದಿ ಹತ್ತಿರ. ಟ್ಯಾಂಕುಗಳು ನುಗ್ಗುವ ಮುಂಚೆ ನೆಲಬಾಂಬು ತೆಗೆದು ದಾರಿ ಮಾಡಿಕೊಡೋದು ಸ್ಯಾಪರ್‌ಗಳ ಕೆಲಸ. ಇದೆಲ್ಲ ಆಮೇಲೆ ತಿಳಿದಿದ್ದು. ಆಗ ಗೊತ್ತಿದ್ದಿದ್ದು ಕಾಗದ ಬಂದಿಲ್ಲ ಅನ್ನೋದೊಂದೇ. ಸಂಕ್ರಾಂತಿ ಕಳೆದ ಮೇಲೆ ಬಂತು. ‘ನಾನು ಕ್ಷೇಮ. ಎಡಗಿವಿ ಮಂದ. ಗೌರಿ ಕರು ಹಾಕಿತಾ?’ ಎಡಗಿವಿ ಮಾತು ಬಿಟ್ಟು ಓದಿದೆ. ಅವ್ವ ಕರುವಿನ ವಿಷಯ ಬರೆಸಿದರು. ಅಂಚಿನಲ್ಲಿ ನಾನು ‘ಬಲಗಿವಿ?’ ಅಂತ ಕೇಳಿದೆ.

ಗೆದ್ದ ಮೇಲೆ ಬಂದೇಬಿಡುತ್ತಾರೆ ಅಂದುಕೊಂಡಿದ್ದೆ. ಎಲ್ಲಿ! ಸಿಮ್ಲಾ ಒಪ್ಪಂದ ಆಗಿದ್ದೇ 1972ರ ಜುಲೈ 2ಕ್ಕೆ, ಗೆದ್ದ ಜಾಗ ಬಿಟ್ಟು ಸೈನ್ಯ ಪೂರ್ತಿ ಹಿಂದೆ ಬಂದಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಎರಡು ವಾರದ ಯುದ್ಧಕ್ಕೆ ಒಂದು ವರ್ಷದ ಕಾವಲು. ಟಿವಿಯವರು ಇದನ್ನು ಹೇಳಲ್ಲ.

‘ಮಿಲ್ಟ್ರಿಯವನಿಗೆ ಕೊಟ್ಟು ಮಗಳ ಕೈಲಿ ಬಾಗಿಲು ಕಾಯಿಸಲಾ’ ಅಂತ ಅಪ್ಪ ರೇಗಿದರು. ‘ಕಾಗದ ಓದೋಕೆ ಹೆಂಗೂ ನಮ್ಮನೇಲೇ ಇರ್ತಾಳೆ, ಅಲ್ಲೇ ಇರ್ಲಿ ಬಿಡಿ’ ಅಂದರು ಅವ್ವ. ಮದುವೆ ಆಯಿತು.

ನಿಜ ಹೇಳಲಾ? ಕಷ್ಟ ಇದ್ದಿದ್ದು ಕಾಯೋದರಲ್ಲಿ ಅಲ್ಲ. ವರ್ಷಕ್ಕೆ ಎರಡು ತಿಂಗಳ ರಜೆ, ನೆಂಟರ ಹಾಗೆ ಬಂದು ಹೋಗೋರು. 1983ರಲ್ಲಿ ಪೆನ್ಶನ್ ತಗೊಂಡು ಟ್ರಂಕು ಇಳಿಸಿದರಲ್ಲ, ಆಗ ಶುರುವಾಯಿತು ನೋಡು. ನಾಲ್ಕಕ್ಕೇ ಏಳೋದು, ಸೌದೆಯನ್ನು ಉದ್ದ ನೋಡಿ ಜೋಡಿಸೋದು, ಮಕ್ಕಳನ್ನು ಸಾಲಾಗಿ ನಿಲ್ಲಿಸೋದು. ಕಬ್ಬಿನ ಲೆಕ್ಕ, ಆಳಿನ ಕೂಲಿ, ನಾಲೆ ನೀರಿನ ಸರದಿ ಎಲ್ಲ ಹತ್ತು ವರ್ಷದಿಂದ ನನ್ನ ಕೈಯಲ್ಲಿತ್ತು. ನನ್ನನ್ನು ಕೇಳೋಕೆ ಇವರಿಗೆ ನಾಚಿಕೆ, ಹೇಳೋಕೆ ನನಗೆ ಕೊಬ್ಬು. ನಾನು ಇಷ್ಟಪಟ್ಟಿದ್ದು ಕಾಗದದ ಮನುಷ್ಯನನ್ನು, ಮನೆಯಲ್ಲಿರೋದು ಬೇರೆ ಯಾರೋ ಅನ್ನಿಸೋದು. ಎಂಟು ತಿಂಗಳು ಬರೀ ಜಗಳ. ಆಮೇಲೆ ಒಂದು ವಾರ ಮಾತೇ ಇಲ್ಲ.

ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ನಗುತ್ತಾ ಒಂದು ಇನ್‌ಲ್ಯಾಂಡ್ ಕೊಟ್ಟುಹೋದ. ಮದ್ದೂರಿನ ಸೀಲು, ಇವರದೇ ಅಕ್ಷರ. ಸೈಕಲ್ ತುಳಿದುಕೊಂಡು ಹೋಗಿ ಅಲ್ಲಿ ಪೋಸ್ಟ್ ಮಾಡಿ ಬಂದಿದ್ದಾರೆ. ‘ಇತ್ತ ಕಡೆ ಎಲ್ಲ ಕ್ಷೇಮ. ಗದ್ದೆಗೆ ನೀರಿನ ಸರದಿ ಯಾವತ್ತು ಎಂದು ತಿಳಿಸುವುದು. ಕಾಗದ ಓದುವವರನ್ನು ಕೇಳಿದೆನೆಂದು ಹೇಳುವುದು.’

ಉತ್ತರ ಬರೆಯಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಬಲಗಿವಿ ಕಡೆ ಬಗ್ಗಿ ಹೇಳಿದೆ, ‘ಶುಕ್ರವಾರ ರಾತ್ರಿ. ಹನ್ನೊಂದಕ್ಕೆ.’