ನಲವತ್ತು ಲೈಕ್ ಯಾವ ಪೋಸ್ಟಿಗೆ ಬಿದ್ದವು?

ಪ್ರಶ್ನೆ: ಊರ ಹಬ್ಬಕ್ಕೆ ‘ಎಲ್ಲರೂ ಕೂಡಿ ಬನ್ನಿ’ ಅಂತ ಹಾಕಲು ಹೋಗಿ ‘ಎಲ್ಲರೂ ಕುಡಿ ಬನ್ನಿ’ ಆಯಿತು. ನೋಡುವಷ್ಟರಲ್ಲಿ ನಲವತ್ತು ಲೈಕ್ ಬಂದಿದ್ದವು. ತಿದ್ದೋಣ ಅಂದರೆ ಆ ಆ್ಯಪ್‌ನಲ್ಲಿ ಬಟನ್ನೇ ಇಲ್ಲ. ಒಂದೇ ಕಂಪನಿಯ ಕೈಯಲ್ಲಿಲ್ಲದ ಜಾಲಗಳಲ್ಲಿ ಬರೆದದ್ದು ಬರೆದದ್ದೇ, ಅಳಿಸಲೂ ಆಗಲ್ಲ ಅಂತಾನೆ ಗೆಳೆಯ. ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕೆಲವು ಜಾಲಗಳ ಮಟ್ಟಿಗೆ ನಿಜ.

ಸೆಕ್ಯೂರ್ ಸ್ಕಟಲ್‌ಬಟ್ ಅನ್ನುವ ಜಾಲ ತಗೊಳ್ಳಿ. ಅಲ್ಲಿ ನಿಮ್ಮ ಪ್ರತಿ ಪೋಸ್ಟಿನ ಒಳಗೂ ಹಿಂದಿನ ಪೋಸ್ಟಿನ ಹ್ಯಾಶ್ ಇರುತ್ತದೆ. ಹ್ಯಾಶ್ ಅಂದರೆ ಬರಹದ ಹೆಬ್ಬೆಟ್ಟಿನ ಗುರುತು. ‘ಕೂ’ ಹೋಗಿ ‘ಕು’ ಆದರೂ ಸಾಕು, ಗುರುತು ಪೂರ್ತಿ ಬೇರೆಯಾಗುತ್ತದೆ. ನಡುವಿನ ಒಂದು ಪೋಸ್ಟ್ ತಿದ್ದಿದರೆ ಮುಂದಿನವು ಯಾವುವೂ ತಾಳೆಯಾಗುವುದಿಲ್ಲ. ಸುಮ್ನೆ ಹಟಕ್ಕೆ ಹೀಗೆ ಮಾಡಿದ್ದಲ್ಲ. ಇಂಟರ್ನೆಟ್ ಇಲ್ಲದೆ ದಿನಗಟ್ಟಲೆ ಇದ್ದು, ಯಾರಾದರೂ ಸಿಕ್ಕಾಗ ಅವರ ಕಂಪ್ಯೂಟರಿನಿಂದ ಇನ್ನೊಬ್ಬರ ಪೋಸ್ಟನ್ನೂ ಪಡೆಯುವ ಜಾಲ ಅದು, ನಡುವೆ ಯಾರು ಹೊತ್ತು ತಂದರೂ ಕೈಯಾಡಿಸಿಲ್ಲ ಅಂತ ಗೊತ್ತಾಗಬೇಕಲ್ವಾ? ಆದರೆ ಅದಕ್ಕೆ ತೆತ್ತ ಬೆಲೆ ಜಾಸ್ತಿ. ಒಂದೇ ಖಾತೆಯಿಂದ ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಬರೆದರೆ ಸರಪಳಿ ಎರಡಾಗಿ ಸೀಳಿ ಖಾತೆಯೇ ಕೆಡುತ್ತಿತ್ತು.

ನಾಸ್ಟರ್ ಅನ್ನುವ ಇನ್ನೊಂದು ಜಾಲದಲ್ಲಿ ಸರಪಳಿ ಇಲ್ಲ, ಆದರೆ ಪೋಸ್ಟಿನ ಐಡಿಯೇ ಅದರ ಹ್ಯಾಶ್. ತಿದ್ದಿದರೆ ಅದು ಬೇರೆಯೇ ಪೋಸ್ಟ್. ಅಳಿಸಿ ಅನ್ನುವುದೂ ಬರೀ ಕೋರಿಕೆ, ರಿಲೇ (ಪೋಸ್ಟುಗಳನ್ನು ಇಟ್ಟುಕೊಂಡು ಹಂಚುವ ಸರ್ವರ್) ನಡೆಸುವವರು ಕೇಳಿದರೆ ಕೇಳಿದರು. ಪ್ರೊಫೈಲ್, ಫಾಲೋ ಪಟ್ಟಿ ಮಾತ್ರ ಹಾಗಲ್ಲ, ಹೊಸದು ಬಂದರೆ ಹಳೆಯದರ ಜಾಗ ಹಿಡಿಯುತ್ತದೆ.

ಮ್ಯಾಸ್ಟೊಡಾನ್‌ನಲ್ಲಿ 2022ರಿಂದ ತಿದ್ದಬಹುದು. ಹಳೆಯ ರೂಪವೂ ಕಾಣುತ್ತದೆ, ಬೂಸ್ಟ್ ಮಾಡಿದವರಿಗೆ, ಅಂದರೆ ಅದನ್ನು ಮುಂದೆ ಹಂಚಿದವರಿಗೆ, ‘ತಿದ್ದಿದ್ದಾರೆ’ ಅಂತ ಸೂಚನೆಯೂ ಹೋಗುತ್ತದೆ.

ನನಗೆ ಸರಿ ಅನ್ನಿಸುವುದು ಬ್ಲೂಸ್ಕೈ ಆ್ಯಪ್‌ನ ಹಿಂದಿರುವ ಎಟಿ ಪ್ರೋಟೋಕಾಲ್‌ನ ದಾರಿ. ಪ್ರೋಟೋಕಾಲ್ ಅಂದರೆ ಜಾಲ ನಡೆಯುವ ನಿಯಮಗಳ ಕಟ್ಟು. ಅಲ್ಲಿ ವಿಳಾಸ ಬೇರೆ, ಹ್ಯಾಶ್ ಬೇರೆ. ವಿಳಾಸ ಹಾಗೇ ಇದ್ದು ಒಳಗಿನ ಬರಹ ಬದಲಾಗಬಹುದು. ಲೈಕ್ ಒತ್ತಿದರೆ ಎರಡೂ ದಾಖಲಾಗುತ್ತವೆ: ಯಾವ ವಿಳಾಸದ ಪೋಸ್ಟು, ಆಗ ಅದರ ಹ್ಯಾಶ್ ಏನಿತ್ತು. ಆ ನಲವತ್ತು ಜನ ಮೆಚ್ಚಿದ್ದು ‘ಕುಡಿ ಬನ್ನಿ’ಯನ್ನು ಅನ್ನುವುದು ಉಳಿಯುತ್ತದೆ. ಇದು ಸಣ್ಣ ವಿಷಯ ಅಲ್ಲ. ಹಬ್ಬದ ಕರೆಗೆ ಲೈಕ್ ಕೂಡಿಸಿ, ಆಮೇಲೆ ಅದೇ ಜಾಗದಲ್ಲಿ ‘ಇಂಥವರಿಗೇ ವೋಟು ಹಾಕಿ’ ಅಂತ ಬರೆದರೆ ಆ ನಲವತ್ತು ಹೆಸರುಗಳ ಗತಿ ಏನು? ಮೊದಲು ಅಲ್ಲಿ ಪ್ರತಿ ಬದಲಾವಣೆಯೂ ಅದರ ಹಿಂದಿನದಕ್ಕೆ ಕೊಂಡಿ ಹಾಕುತ್ತಿತ್ತು. 2023ರಲ್ಲಿ ಆ ಕಡ್ಡಾಯ ತೆಗೆದರು, ಅಳಿಸಿದ್ದನ್ನು ನಿಮ್ಮ ಖಾತೆಯ ಚರಿತ್ರೆಯಲ್ಲಿ ಹೊತ್ತುಕೊಂಡಿರಬೇಕಿಲ್ಲ. ಬೇರೆಯವರು ಇಟ್ಟುಕೊಂಡ ನಕಲಿನ ಮೇಲೆ ಯಾವ ಪ್ರೋಟೋಕಾಲ್‌ಗೂ ಹಿಡಿತ ಇಲ್ಲ ಬಿಡಿ.

ಪ್ರೋಟೋಕಾಲ್ ಒಪ್ಪಿದರೂ ತಿದ್ದುವ ಬಟನ್ ಕೊಡುವುದು ಆ್ಯಪ್ ಮಾಡಿದವರ ತೀರ್ಮಾನ. ನಿಮ್ಮ ಪೋಸ್ಟಿಗೆ ಉತ್ತರಗಳು ಬಂದಿದ್ದರೆ ಅಳಿಸಬೇಡಿ, ಅವರ ಮಾತು ತಲೆಬುಡ ಇಲ್ಲದ್ದಾಗುತ್ತದೆ. ಅದರ ಕೆಳಗೇ ‘ಕೂಡಿ ಬನ್ನಿ ಅಂತ ಓದಿಕೊಳ್ಳಿ’ ಅಂತ ಬರೆಯಿರಿ. ಬರೀ ಲೈಕ್ ಆದರೆ ಅಳಿಸಿ, ದೀರ್ಘ ಕೊಂಬು ನೋಡಿಕೊಂಡು ಹೊಸದಾಗಿ ಹಾಕಿ.